ಬೇಡದ ರಿಪೇರಿ

ನಾಗಪುರಕ್ಕೆ ವರ್ಗವಾಗಿ ಬಂದ ಹೊಸ ಕುಟುಂಬವೊಂದು ನಮ್ಮ ಸಂಘದ ಮೆಟ್ಟಿಲು ಹತ್ತಿದಾಗ ಮೊದಲು ಏನನ್ನು ವಿಚಾರಿಸುತ್ತದೆ ಎಂಬುದನ್ನು ವಾಚಕರು ಗಮನಿಸಿರಬಹುದು. ರಾಜ್ಯೋತ್ಸವದ ಕಾರ್ಯಕ್ರಮದ ವಿಚಾರ ಆಮೇಲೆ ಬರುತ್ತದೆ. ಒಳ್ಳೆಯ ಡಾಕ್ಟರು ಯಾರು, ಜೋಳ ಬೀಸುವ ಗಿರಣಿ ಎಲ್ಲಿದೆ, ಬಂಗಾರದ ಕೆಲಸಕ್ಕೆ ಯಾರ ಹತ್ತಿರ ಹೋಗಬಹುದು, ಗಾಡಿಯನ್ನು ಸರ್ವಿಸಿಗೆ ಎಲ್ಲಿ ಬಿಡುವುದು, ಇವೇ ಮೊದಲ ಪ್ರಶ್ನೆಗಳು. ಗಿರಣಿಯೊಂದನ್ನು ಬಿಟ್ಟರೆ ಉಳಿದ ಮೂರೂ ಒಂದೇ ಜಾತಿಗೆ ಸೇರಿದವು. ಮೈಯನ್ನೋ, ಒಡವೆಯನ್ನೋ, ವಾಹನವನ್ನೋ ಬಲ್ಲವನೊಬ್ಬನ ಕೈಗೆ ಒಪ್ಪಿಸಿ, ಅವನು ಹೇಳಿದ್ದನ್ನು ನಂಬಿ, ಕೇಳಿದ್ದನ್ನು ಕೊಟ್ಟು ಮನೆಗೆ ಬರಬೇಕಾದ ಸಂದರ್ಭಗಳು ಅವು. ಗಿರಣಿಯವನು ಹಿಟ್ಟು ಕೆಡಿಸಿದರೆ ಅಂದು ರಾತ್ರಿಯ ರೊಟ್ಟಿಯೇ ಸಾಕ್ಷಿ ಹೇಳುತ್ತದೆ. ಉಳಿದವರ ವಿಷಯದಲ್ಲಿ ಅಂಥ ಸಾಕ್ಷಿ ಇಲ್ಲ.

ಊರಿನಲ್ಲಿದ್ದಾಗ ಈ ಪ್ರಶ್ನೆ ಇಷ್ಟು ಕಾಡುವುದಿಲ್ಲ. ಮಿಸ್ತ್ರಿಯ ತಂದೆ ನಮ್ಮ ತಂದೆಗೆ ಗೊತ್ತು, ಅವನ ಮಗ ನಮ್ಮ ಮಗನ ಶಾಲೆಯಲ್ಲೇ ಓದುತ್ತಾನೆ, ಸುಳ್ಳು ಹೇಳಿದರೆ ಜಾತ್ರೆಯಲ್ಲಿ ಎದುರಾಗಬೇಕು. ಆ ನಾಚಿಕೆಯೇ ಅರ್ಧ ಕಾವಲುಗಾರ. ಪರ ಊರಿಗೆ ಬಂದ ನಮ್ಮಂಥವರು ಆ ಕಾವಲನ್ನು ಬಿಟ್ಟು ಬಂದಿರುತ್ತೇವೆ. ಧರಮಪೇಠದಲ್ಲಿ ಹದಿನೈದು ವರ್ಷ ಕಳೆದ ಮೇಲೂ ಗೋಕುಳಪೇಠದ ತರಕಾರಿಯವಳು ನನ್ನನ್ನು ಗುರುತಿಸುತ್ತಾಳೆಯೇ ಹೊರತು, ಕಾರಿನ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ನಾನು ಒಂದು ಜಾಬ್ ಕಾರ್ಡಿನ ನಂಬರು ಮಾತ್ರ.

ಆ ವಿಭಾಗದ ವ್ಯವಹಾರ ಕಾರು ಇರುವವರಿಗೆಲ್ಲ ಪರಿಚಿತವೇ. ಇಲ್ಲದವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ವರ್ಧಾ ರಸ್ತೆಗೋ ಅಮರಾವತಿ ರಸ್ತೆಗೋ ಹೋಗಿ ಗಾಡಿ ಬಿಡುತ್ತೀರಿ. ಇಸ್ತ್ರಿ ಮಾಡಿದ ಅಂಗಿಯ ತರುಣನೊಬ್ಬ, ಅವನನ್ನು ಸರ್ವಿಸ್ ಅಡ್ವೈಸರ್ ಎನ್ನುತ್ತಾರೆ, ಗಾಡಿಯನ್ನು ಒಂದು ಸುತ್ತು ಹಾಕಿ ಬರೆದುಕೊಳ್ಳುತ್ತಾನೆ. ನೀವು ಸಹಿ ಮಾಡಿ ಕಚೇರಿಗೆ ಬರುತ್ತೀರಿ. ಹನ್ನೊಂದೂವರೆಗೆ, ಎದುರಿಗೆ ಫೈಲು ತೆರೆದಿರುವಾಗ, ಫೋನು. “ಸರ್, ಗಾಡಿ ಲಿಫ್ಟಿನ ಮೇಲಿದೆ. ಥ್ರಾಟಲ್ ಬಾಡಿ ಕ್ಲೀನಿಂಗ್ ಆಗಬೇಕು, ಎಂಜಿನ್ ಡಿಕಾರ್ಬನೈಸೇಶನ್ ಮಾಡಿಸಿದರೆ ಒಳ್ಳೆಯದು, ಎ.ಸಿ. ಡಿಸಿನ್ಫೆಕ್ಷನ್, ಅಡಿಭಾಗಕ್ಕೆ ಕೋಟಿಂಗ್, ಮುಂದಿನ ಬ್ರೇಕ್ ಪ್ಯಾಡೂ ಸವೆದಿದೆ. ಕರ್ ದೂಂ ಕ್ಯಾ, ಸರ್?” ಕೊನೆಯ ನಾಲ್ಕು ಮಾತಿನಲ್ಲಿ ಇಡೀ ವ್ಯವಹಾರ ಅಡಗಿದೆ. ಉತ್ತರ ಕೊಡಲು ಹತ್ತು ಸೆಕೆಂಡು. ಗಾಡಿ ಆಗಲೇ ಬಿಚ್ಚಿದ ಸ್ಥಿತಿಯಲ್ಲಿದೆ, ಸಂಜೆಗೆ ಬೇಕು, ಪಕ್ಕದ ಮೇಜಿನವರು ಕೇಳಿಸಿಕೊಳ್ಳುತ್ತಿದ್ದಾರೆ. “ಹಾಂ, ಕರ್ ದೋ” ಎಂದುಬಿಡುತ್ತೇವೆ. ಮೂರು ಸಾವಿರವೆಂದುಕೊಂಡ ಸರ್ವಿಸು ಒಂಬತ್ತು ಸಾವಿರವಾಗಿ ಮುಗಿಯುತ್ತದೆ.

ಈಗ ನನ್ನನ್ನು ಕಾಡುವ ಪ್ರಶ್ನೆ. ಆ ಪಟ್ಟಿಯಲ್ಲಿ ಎರಡು ಮೂರು ಕೆಲಸಗಳು ಬೇಡವಾಗಿದ್ದವು ಎಂದೇ ಇಟ್ಟುಕೊಳ್ಳೋಣ. ಅವುಗಳಿಂದ ಗಾಡಿ ಕೆಡಲಿಲ್ಲ. ಸಂಜೆ ತೊಳೆದು ಒರೆಸಿದ ಗಾಡಿಯನ್ನು ಓಡಿಸಿಕೊಂಡು ಬರುವಾಗ ಎಂಜಿನ್ನಿನ ದನಿಯೂ ಕೊಂಚ ಮೃದುವಾದಂತೆ ತೋರಿ ಸಂತೋಷವೇ ಆಯಿತು. ಅಡ್ವೈಸರನಿಗೆ ಅವನ ಪಾಲು ಬಂತು, ಯಜಮಾನನಿಗೆ ಲಾಭ ಬಂತು, ಸರಕಾರಕ್ಕೂ ಜಿ.ಎಸ್.ಟಿ. ಸಂದಿತು. ಎಲ್ಲರೂ ಸಂತುಷ್ಟರೆಂದ ಮೇಲೆ ತಪ್ಪಾದದ್ದು ಎಲ್ಲಿ?

ಹಣ ಹೋಯಿತಲ್ಲ ಎಂಬುದು ತಟ್ಟನೆ ಬರುವ ಉತ್ತರ. ನನಗೆ ಅದು ಸಾಲದು. ಹಣವನ್ನು ನಾವು ಬೇಡದ್ದಕ್ಕೆ ಎಷ್ಟೋ ಖರ್ಚು ಮಾಡುತ್ತೇವೆ. ಸೀರೆಯಂಗಡಿಯವನು ಒಂದು ತೆಗೆದುಕೊಳ್ಳಲು ಹೋದವರಿಗೆ ಮೂರು ಹೊರಿಸುತ್ತಾನೆ, ಅವನನ್ನು ಯಾರೂ ಮೋಸಗಾರ ಎನ್ನುವುದಿಲ್ಲ. ಸೀರೆ ಕಣ್ಣೆದುರಿಗೇ ಇತ್ತು, ಬೇಕೋ ಬೇಡವೋ ಎಂಬುದನ್ನು ಉಡುವವರೇ ಬಲ್ಲರು. ಗಾಡಿಯ ವಿಷಯದಲ್ಲಿ ಬೇಕೋ ಬೇಡವೋ ಎಂಬುದೇ ನನಗೆ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಅವನ ಹತ್ತಿರ ಹೋದದ್ದು.

ಅರ್ಥಶಾಸ್ತ್ರಜ್ಞರು ಈ ಭೇದವನ್ನು ಸೊಗಸಾಗಿ ಬಿಡಿಸಿದ್ದಾರೆ. ಫಿಲಿಪ್ ನೆಲ್ಸನ್ ಎಂಬ ಅಮೆರಿಕದ ವಿದ್ವಾಂಸ 1970ರಲ್ಲಿ ಸರಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಕೊಳ್ಳುವ ಮೊದಲೇ ಗುಣ ಕಾಣುವಂಥವು ಒಂದು, ಬಳಸಿದ ಮೇಲೆ ಗುಣ ತಿಳಿಯುವಂಥವು ಇನ್ನೊಂದು. ಸೀರೆ ಮೊದಲನೆಯದು, ಗಿರಣಿಯ ಹಿಟ್ಟು ಎರಡನೆಯದು. 1973ರಲ್ಲಿ ಮೈಕೇಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬಿಬ್ಬರು ಮೂರನೆಯ ಬಗೆಯೊಂದಿದೆ ಎಂದು ತೋರಿಸಿದರು. ಬಳಸಿದ ಮೇಲೂ ಗುಣ ತಿಳಿಯದಂಥವು ಅವು, ಕೇವಲ ನಂಬಿ ಕೊಳ್ಳಬೇಕಾದ ಸರಕುಗಳು. ಅವರು ಕೊಟ್ಟ ಉದಾಹರಣೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆ. ಕೆಟ್ಟಿದ್ದನ್ನು ತೆಗೆದರೂ, ಕೆಡದೆ ಇದ್ದದ್ದನ್ನು ತೆಗೆದರೂ, ಆಮೇಲೆ ರೋಗಿಗೆ ಕಾಣುವ ಸ್ಥಿತಿ ಒಂದೇ. ಗಾಡಿ ರಿಪೇರಿಯೂ ಇದೇ ಜಾತಿ. ಥ್ರಾಟಲ್ ತೊಳೆದ ಮೇಲೆ ಗಾಡಿ ಚೆನ್ನಾಗಿ ಓಡುತ್ತದೆ. ತೊಳೆಯದಿದ್ದರೆ? ಆಗಲೂ ಚೆನ್ನಾಗಿಯೇ ಓಡುತ್ತಿತ್ತೇನೋ. ಆ ಇನ್ನೊಂದು ಸಂಜೆ ನಮ್ಮ ಬಾಳಿನಲ್ಲಿ ಬರುವುದೇ ಇಲ್ಲ, ಹೋಲಿಸಿ ನೋಡುವುದು ಹೇಗೆ?

ಇದನ್ನು ಒಪ್ಪಿದರೆ ನಾವು ಸಂಘದಲ್ಲಿ ಒಬ್ಬರಿಗೊಬ್ಬರು ಕೊಡುವ ಶಿಫಾರಸಿನ ಬೆಲೆಯೂ ಇಳಿಯುತ್ತದೆ. “ಅಲ್ಲಿಗೇ ಹೋಗಿ, ನಮ್ಮದು ಆರು ವರ್ಷದಿಂದ ಅಲ್ಲೇ, ಒಂದು ದಿನ ತೊಂದರೆ ಇಲ್ಲ” ಎನ್ನುತ್ತೇವೆ. ತೊಂದರೆ ಇಲ್ಲದಿರುವುದು ಅವರ ಪ್ರಾಮಾಣಿಕತೆಯಿಂದಲೋ ಗಾಡಿಯ ಗಟ್ಟಿತನದಿಂದಲೋ ಹೇಳಿದವರಿಗೂ ತಿಳಿಯದು. “ನಮ್ಮವನೇ, ಹುಬ್ಬಳ್ಳಿ ಕಡೆಯವನು” ಎಂಬ ಶಿಫಾರಸು ಇನ್ನೂ ಹಗುರ. ಕನ್ನಡ ಮಾತಾಡಿದ ಮಾತ್ರಕ್ಕೆ ಬ್ರೇಕ್ ಪ್ಯಾಡಿನ ದಪ್ಪ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆದರೂ ನಮ್ಮ ಭಾಷೆ ಕಿವಿಗೆ ಬಿದ್ದೊಡನೆ ಅರ್ಧ ಎಚ್ಚರ ಕಳಚಿಬೀಳುತ್ತದೆ, ಏನು ಮಾಡೋಣ!

ನಂಬಿ ಒಪ್ಪಿಸುವ ವೃತ್ತಿಗಳ ತೊಡಕು ಹೊಸದೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಕಟ್ಟಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದ ಮೊದಲ ಅಧ್ಯಾಯ, ಹೆಸರು ಕಾರುಕರಕ್ಷಣ. ಕಾರುಕ ಎಂದರೆ ಕಾರಿನವನಲ್ಲ, ಕುಶಲಕರ್ಮಿ. ಆದರೂ ಓದುವಾಗ ನಗು ಬಂತು. ರಕ್ಷಣೆ ಬೇಕಾದದ್ದು ಕಾರುಕರಿಂದ ಜನರಿಗೆ. ನೇಕಾರ, ಅಗಸ, ಅಕ್ಕಸಾಲಿಗ, ವೈದ್ಯ, ಎಲ್ಲರಿಗೂ ಅಲ್ಲಿ ಕಟ್ಟಳೆಗಳಿವೆ. ಕೆಲಸ ತಡ ಮಾಡಿದರೆ ಕೂಲಿಯಲ್ಲಿ ಕಾಲು ಭಾಗ ಖೋತಾ ಮತ್ತು ಅದರ ಎರಡರಷ್ಟು ದಂಡ. ಹೇಳಿದ್ದು ಬಿಟ್ಟು ಬೇರೆ ರೀತಿ ಕೆಲಸ ಮಾಡಿದರೆ ಕೂಲಿಯೇ ಇಲ್ಲ, ಮೇಲೆ ಎರಡು ಪಟ್ಟು ದಂಡ. ಪ್ರಾಣಕ್ಕೆ ಅಪಾಯವಿರುವ ರೋಗಕ್ಕೆ ತಿಳಿಸದೆ ಚಿಕಿತ್ಸೆ ಆರಂಭಿಸಿ ರೋಗಿ ಸತ್ತರೆ ವೈದ್ಯನಿಗೆ ಶಿಕ್ಷೆ. ಚಿನ್ನ ಕದಿಯುವ ಉಪಾಯಗಳನ್ನಂತೂ ಎರಡನೆಯ ಅಧಿಕರಣದಲ್ಲಿ ಐದು ಬಗೆಯೆಂದು ಹೆಸರಿಟ್ಟು ವಿವರಿಸಿದ್ದಾನೆ, ಮೊದಲನೆಯದೇ ತಕ್ಕಡಿಯ ಮೋಸ.

ನಮ್ಮ ಗಾದೆಯೂ ಬಡಪಾಯಿ ಅಕ್ಕಸಾಲಿಗನನ್ನೇ ಹಿಡಿದಿದೆ. ಅಕ್ಕನ ಚಿನ್ನವನ್ನೂ ಅವನು ಬಿಡ ಎನ್ನುತ್ತದೆ. ನನಗೆ ಈ ಗಾದೆ ಸೇರುವುದಿಲ್ಲ. ಒಂದು ವೃತ್ತಿಯ ಜನರನ್ನೆಲ್ಲ ಒಂದೇ ಏಟಿಗೆ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಹಾಗೆ ನಿಲ್ಲಿಸಿದ ಮೇಲೆ ಪ್ರಾಮಾಣಿಕನಾಗಿ ಉಳಿದವನಿಗೆ ಏನು ಲಾಭ? ಕೆಟ್ಟ ಹೆಸರು ಹೇಗೂ ಬಂದಿದೆ.

ಮೋಟಾರು ಗ್ಯಾರೇಜುಗಳ ಮೇಲೆ ಇಂಥ ಹೆಸರು ಬಂದದ್ದು ಹೇಗೆಂದು ಹುಡುಕಿದರೆ ಕೈಗೆ ಸಿಗುವ ಹಳೆಯ ದಾಖಲೆ 1941ರದು. ‘ರೀಡರ್ಸ್ ಡೈಜೆಸ್ಟ್’ ಪತ್ರಿಕೆಯ ಪರವಾಗಿ ತನಿಖೆಗಾರರು ಅಮೆರಿಕದ ಆಗಿನ 48 ರಾಜ್ಯಗಳಲ್ಲಿ ಸುತ್ತಿದರು. ಸುಸ್ಥಿತಿಯಲ್ಲಿದ್ದ ಗಾಡಿಯ ಕಾಯಿಲಿನ ಒಂದು ತಂತಿಯನ್ನು ಬೇಕೆಂದೇ ಕಳಚಿ ಗ್ಯಾರೇಜಿನವರ ಮುಂದೆ ನಿಲ್ಲಿಸುತ್ತಿದ್ದರು. ಕಣ್ಣಿಗೆ ಕಾಣುವ ದೋಷ, ಸಿಕ್ಕಿಸಿದರೆ ಮುಗಿಯಿತು. 347 ಗ್ಯಾರೇಜುಗಳಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡವು 129. ಉಳಿದ 218 ಕಡೆ ಇಲ್ಲದ ರೋಗ ಹುಟ್ಟಿತು, ಇಲ್ಲವೆ ಬಿಲ್ಲು ಬೆಳೆಯಿತು.

ಇದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು 1992ರ ಇನ್ನೊಂದು ಪ್ರಕರಣ. ಸಿಯರ್ಸ್ ಎಂಬ ಹಳೆಯ, ಮನೆಮಾತಾದ ಅಮೆರಿಕನ್ ಕಂಪನಿ ಊರೂರಿನಲ್ಲಿ ಗಾಡಿ ದುರಸ್ತಿಯ ಕೇಂದ್ರಗಳನ್ನು ನಡೆಸುತ್ತಿತ್ತು. ಕ್ಯಾಲಿಫೋರ್ನಿಯಾ ಸರಕಾರದ ಇಲಾಖೆಯವರು ಸಾಮಾನ್ಯ ಗಿರಾಕಿಗಳಂತೆ ಗುಟ್ಟಾಗಿ ಗಾಡಿ ಕಳಿಸಿ ಪರೀಕ್ಷಿಸಿದರು. 38 ಸಲ ಕಳಿಸಿದಾಗ 34 ಸಲ ಬೇಡದ ಕೆಲಸ, ಬೇಡದ ಬಿಡಿಭಾಗ. ಸಿಯರ್ಸ್‌ನ ಹಿರಿಯರು ಮೋಸ ಮಾಡಿರಿ ಎಂದು ಯಾರಿಗೂ ಆಜ್ಞೆ ಕೊಟ್ಟಿರಲಿಲ್ಲ. ಅವರು ಕೊಟ್ಟದ್ದು ಕಮಿಶನ್ನು ಮತ್ತು ಗುರಿ, ದಿನಕ್ಕೆ ಇಷ್ಟು ಕೆಲಸ ಹಿಡಿಯಬೇಕು ಎಂಬ ಒಂದು ಅಂಕಿ. ಉಳಿದದ್ದನ್ನು ಆ ಅಂಕಿಯೇ ಮಾಡಿಸಿತು. ಪ್ರಕರಣ ಬಯಲಾದ ಮೇಲೆ ಕಂಪನಿ ಸಲಹೆಗಾರರ ಕಮಿಶನ್ ಪದ್ಧತಿಯನ್ನು ಕೈಬಿಟ್ಟಿತು.

ಹಾಗಾದರೆ ಕಳ್ಳ ಯಾರು? ಕೌಂಟರಿನಲ್ಲಿ ನಿಂತು ಸುಳ್ಳು ಹೇಳಿದವನ ನಾಲಿಗೆ ಮೈಲಿಗೆಯಾಯಿತು, ನಿಜ. ಅಂಕಿ ಬರೆದವನ ಕೈ ಮಾತ್ರ ಚೊಕ್ಕಟವಾಗಿಯೇ ಉಳಿಯಿತು. ಅವನು ಯಾವ ಗಿರಾಕಿಯ ಮುಖವನ್ನೂ ನೋಡಬೇಕಾಗಿಲ್ಲ. ಮುಖ ನೋಡಿ ಸುಳ್ಳು ಹೇಳುವ ಕಷ್ಟವನ್ನು ಇಪ್ಪತ್ತೈದು ವರ್ಷದ, ಮನೆಯಲ್ಲಿ ತಂಗಿಯ ಮದುವೆ ಬಾಕಿಯಿರುವ ಒಬ್ಬ ಡಿಪ್ಲೊಮಾ ಹುಡುಗನಿಗೆ ವಹಿಸಿ, ತಾನು ತಿಂಗಳ ಕೊನೆಗೆ ಒಟ್ಟು ಮೊತ್ತವನ್ನಷ್ಟೇ ನೋಡುತ್ತಾನೆ. ಪಾಪದಲ್ಲಿ ಹೆಚ್ಚು ಪಾಲು ಅಂಕಿ ಬರೆದವನದು ಎಂದೇ ನನ್ನ ಅಭಿಪ್ರಾಯ. ಆದರೆ ಹುಡುಗನ ಪಾಲು ಸೊನ್ನೆ ಎಂದೂ ಹೇಳಲಾರೆ.

ಕಳೆದ ವರ್ಷ ದಸರೆಗೆ ಧಾರವಾಡಕ್ಕೆ ಹೊರಡುವ ಮುಂಚೆ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಯವತಮಾಳ, ನಾಂದೇಡ, ಲಾತೂರ, ಸೋಲಾಪುರ, ವಿಜಯಪುರದ ದಾರಿ. ಗಾಡಿಯಲ್ಲಿ ಐವರು, ಜೊತೆಗೆ ಸಾಮಾನು. ಅಲ್ಲಿಂದ ಮುಂದೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವ ಹಂಚಿಕೆ. ಊರಿನ ಒಂದು ಶೋರೂಮಿನ ಸರ್ವಿಸಿಗೆ ಗಾಡಿ ಬಿಟ್ಟಿದ್ದೆ. ಎಂದಿನಂತೆ ಫೋನು ಬಂತು, ಪಟ್ಟಿ ಬಂತು. ಅಂದು ರಜೆ ಹಾಕಿದ್ದರಿಂದ ನಾನೇ ಹೋದೆ. ಎ.ಸಿ. ಹಾಕಿದ ಗಾಜಿನ ಕೋಣೆ, ಕಾಫಿಯ ಯಂತ್ರ, ಗೋಡೆಯ ಮೇಲೆ ಟೀವಿ. ಗಾಡಿ ಇರುವುದು ಗಾಜಿನ ಆಚೆ, ಗಿರಾಕಿಗಳಿಗೆ ಪ್ರವೇಶವಿಲ್ಲವೆಂಬ ಬೋರ್ಡು. “ಬಿಚ್ಚಿದ ಪ್ಯಾಡು ನೋಡಬೇಕಲ್ಲ, ಭಾವೂ” ಎಂದೆ. ವರ್ಧಾ ಕಡೆಯ ಹುಡುಗ, ಒಂದು ಕ್ಷಣ ತಡೆದ. ಬಳಿಕ ಒಳಗೆ ಕರೆದುಕೊಂಡು ಹೋದ. ಪ್ಯಾಡಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ದಪ್ಪವಿತ್ತು. ನಾನು ಏನೂ ಅನ್ನಲಿಲ್ಲ. ಇದು ನಿಮ್ಮದೇ ಗಾಡಿಯಾಗಿದ್ದರೆ ಏನು ಮಾಡಿಸುತ್ತಿದ್ದಿರಿ ಎಂದು ಮಾತ್ರ ಕೇಳಿದೆ. ಅಲ್ಲಿಯವರೆಗೆ ಸರ್, ಸರ್ ಎನ್ನುತ್ತಿದ್ದವನು ಅತ್ತಿತ್ತ ನೋಡಿ ದನಿ ತಗ್ಗಿಸಿ, “ಕಾಕಾ, ಪ್ಯಾಡು ಈಗ ಬೇಡ. ಕ್ಲೀನಿಂಗೂ ಬೇಡ. ಆದರೆ ಬ್ರೇಕ್ ಆಯಿಲ್ ಮೂರು ವರ್ಷದಿಂದ ಬದಲಾಯಿಸಿಲ್ಲ, ಅದನ್ನು ಬಿಡಬೇಡಿ” ಎಂದ.

ಅವನಿಗೆ ಎರಡೂ ಗೊತ್ತಿತ್ತು. ಯಾವುದು ಬೇಡ, ಯಾವುದು ಬೇಕು, ಎರಡೂ. ಬೇಡದ್ದನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳಿದ; ಬೇಕಾದದ್ದನ್ನು ಹೇಳಲು ದನಿ ತಗ್ಗಿಸಬೇಕಾಯಿತು. ಬ್ರೇಕ್ ಆಯಿಲ್ ಬದಲಿಸುವುದರಲ್ಲಿ ದುಡ್ಡು ಕಡಿಮೆ, ಅದು ಪಟ್ಟಿಯಲ್ಲೇ ಇರಲಿಲ್ಲ.

ಬಿ.ಎಸ್ಸಿ. ಓದಿದ ಚಟಕ್ಕೆ ಆ ಎಣ್ಣೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರೇಕಿನ ದ್ರವ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್-3 ದರ್ಜೆಯ ಹೊಸ ದ್ರವ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದರೆ 140 ಡಿಗ್ರಿ ಉಳಿದರೂ ನಿಯಮಕ್ಕೆ ಒಪ್ಪಿಗೆಯೇ. ಘಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಶಾಖವೇರಿ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲು ಪೆಡಲನ್ನು ಒತ್ತುತ್ತದೆ, ಗಾಡಿ ನಿಲ್ಲುವುದಿಲ್ಲ. ಹಲವು ಕಂಪನಿಗಳ ಕೈಪಿಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬರೆದಿರುವುದು ಇದಕ್ಕೇ. ಕಣ್ಣಿಗೆ ಕಾಣದ, ಹೊಳಪು ಕೊಡದ, ಸುವಾಸನೆ ಬೀರದ ಕೆಲಸ. ಅಡಿಭಾಗದ ಕೋಟಿಂಗು ಹೊಳೆಯುತ್ತದೆ, ಎ.ಸಿ.ಯ ಔಷಧ ಘಮಘಮಿಸುತ್ತದೆ.

ಇಲ್ಲಿಂದ ಮುಂದಿನ ಮಾತು ನನಗೆ ಮುಖ್ಯವಾದದ್ದು. ಒಂದು ಸಲ ಮೋಸ ಹೋದವನು ಮುಂದೆ ಎಲ್ಲಕ್ಕೂ ಬೇಡ ಎನ್ನಲು ಕಲಿಯುತ್ತಾನೆ. ಅದನ್ನು ಜಾಣತನವೆಂದು ನಾವು ಹೊಗಳುತ್ತೇವೆ. “ಅವರು ಹೇಳೋದು ಹೇಳ್ತಾರೆ, ನಾನು ಆಯಿಲ್ ಬದಲಿ ಒಂದೇ ಮಾಡಿಸೋದು” ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ಎಷ್ಟು ಜನ! ಅಂಥವರಿಗೆ ಒಂದು ದಿನ ಯಾರೋ ಬ್ರೇಕಿನ ನಿಜವಾದ ದೋಷ ತೋರಿಸಿದರೂ ಅವರು ನಂಬುವುದಿಲ್ಲ. ಬೇಡದ ರಿಪೇರಿ ಮಾಡುವವನು ನಮ್ಮ ಆರು ಸಾವಿರವನ್ನಷ್ಟೇ ತಿನ್ನುವುದಿಲ್ಲ. ನಾಳೆ ಇನ್ನೊಬ್ಬ ಹೇಳಲಿರುವ ನಿಜವನ್ನೂ ಇಂದೇ ತಿಂದುಬಿಡುತ್ತಾನೆ. ಬೆಲೆ ಕಟ್ಟಲಾಗದ ನಷ್ಟ ಅದು. ಘಟ್ಟದ ತಿರುವಿನಲ್ಲಿ ಅದನ್ನು ತೆರುವವರು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು.

ಹಾಗೆಂದು ಕಣ್ಣು ಮುಚ್ಚಿ ನಂಬುವುದು ಸದ್ಗುಣವೆಂದೂ ನಾನು ಹೇಳುತ್ತಿಲ್ಲ. ನನಗೆ ತೋರುವ ಮಟ್ಟಿಗೆ ನಾವು ಪ್ರಶ್ನೆಯನ್ನೇ ತಿರುವುಮುರುವಾಗಿ ಹಿಡಿದಿದ್ದೇವೆ. ನಂಬಬೇಕೋ ಬೇಡವೋ ಎಂಬ ಭಾರವನ್ನು ಏನೂ ಅರಿಯದ ಗಿರಾಕಿಯ ತಲೆಯ ಮೇಲೆ ಹೊರಿಸಿದ್ದೇವೆ. ಆ ಭಾರ ಬಲ್ಲವನದಾಗಬೇಕು. “ನನಗೆ ಗೊತ್ತಿಲ್ಲ, ನೀವೇ ಹೇಳಿ” ಎಂದು ನಾನು ಅಂದಾಗ ನನ್ನ ಅಜ್ಞಾನವನ್ನೇ ಅವನ ಹತ್ತಿರ ಇಡುಗಂಟಾಗಿ ಇಟ್ಟಂತೆ. ಇಡುಗಂಟನ್ನು ತನ್ನ ವ್ಯಾಪಾರಕ್ಕೆ ತೊಡಗಿಸಿದವನು, ಕೊನೆಗೆ ನನಗೆ ನಷ್ಟವಾಗದಿದ್ದರೂ, ತಪ್ಪು ಮಾಡಿದವನೇ. ಸಂಜೆ ನಾನು ಸಂತೋಷದಿಂದ ಮನೆಗೆ ಹೋದೆ ಎಂಬುದು ಅವನಿಗೆ ಸಮಜಾಯಿಷಿಯಾಗದು.

ಇದೇ ತತ್ತ್ವವನ್ನು ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ವೈದ್ಯಕೀಯದ ಮೊಕದ್ದಮೆಯೊಂದರಲ್ಲಿ ಎತ್ತಿಹಿಡಿಯಿತು. ಪರೀಕ್ಷೆಗೆಂದು ಒಪ್ಪಿ ಅರಿವಳಿಕೆ ತೆಗೆದುಕೊಂಡ ಮಹಿಳೆಗೆ, ಆಕೆ ಪ್ರಜ್ಞೆಯಿಲ್ಲದಿದ್ದಾಗಲೇ ತಾಯಿಯನ್ನು ಕೇಳಿ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಬಿಟ್ಟಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣ ಉಳಿಸುವ ತುರ್ತು ಇಲ್ಲದಿದ್ದರೆ, ರೋಗಿಯ ಒಳ್ಳೆಯದಕ್ಕೇ ಮಾಡಿದೆನೆಂಬ ಮಾತೂ ನಿಲ್ಲದು ಎಂದಿತು ನ್ಯಾಯಾಲಯ. ಕಾರಿಗೂ ದೇಹಕ್ಕೂ ಅಜಗಜಾಂತರ ಎಂಬುದು ನಿಜ. ಲಿಫ್ಟಿನ ಮೇಲೆ ಬಿಚ್ಚಿಟ್ಟ ಗಾಡಿ, ಹನ್ನೊಂದೂವರೆಯ ಫೋನು, ಹತ್ತು ಸೆಕೆಂಡಿನ ಅವಧಿ, ಇವುಗಳಿಂದ ದೊರೆತ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ.

ನಮ್ಮ ಸರಕಾರಿ ಕಚೇರಿಯ ಹಣಕಾಸಿನ ನಿಯಮಾವಳಿಯಲ್ಲಿ ಒಂದು ಹಳೆಯ ಸೂತ್ರವಿದೆ, 2017ರ ಆವೃತ್ತಿಯಲ್ಲಿ 21ನೆಯ ನಿಯಮ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಹಣ ಖರ್ಚು ಮಾಡುವಾಗ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟೇ ಎಚ್ಚರವನ್ನು ಸರಕಾರಿ ಹಣ ಖರ್ಚು ಮಾಡುವ ಅಧಿಕಾರಿ ವಹಿಸಬೇಕೆಂಬುದು ಅದರ ತಾತ್ಪರ್ಯ. ಪರರ ಹಣ ಕೈಯಲ್ಲಿರುವ ಎಲ್ಲರಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ನಿಮ್ಮದೇ ಗಾಡಿಯಾಗಿದ್ದರೆ ಎಂದು ಆ ಹುಡುಗನನ್ನು ನಾನು ಕೇಳಿದ್ದು ಇದೇ ನಿಯಮವನ್ನು, ಸಂಖ್ಯೆ ಹೇಳದೆ.

ಆದರೆ ಶೋರೂಮಿನವರ ಮೇಲಷ್ಟೇ ಬೆರಳು ತೋರಿಸಿ ಸುಮ್ಮನಾಗಲು ನನ್ನಂಥ ಗುಮಾಸ್ತನಿಗೆ ಹಕ್ಕಿಲ್ಲ. ಕೌಂಟರಿನ ಈಚೆ ಕೂತವರು ನಾವೂ ಬಲ್ಲವರೇ. ಎದುರಿಗೆ ನಿಂತ ಪಿಂಚಣಿದಾರನಿಗೆ ಯಾವ ಕಾಗದ ಬೇಕು, ಯಾವುದು ಬೇಡ ಎಂಬುದು ಗೊತ್ತಿಲ್ಲ. ನಾವು ಹೇಳಿದ್ದೇ ವೇದ. ಇನ್ನೊಂದು ಅಫಿಡವಿಟ್ ತನ್ನಿ, ಇದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ಎಂದು ಕಳಿಸುವುದು ಎಷ್ಟು ಸುಲಭ! ದಶಕಗಳ ಕಾಲ ಈ ದೇಶದ ಹುಡುಗರು ಅಂಕಪಟ್ಟಿಯ ನಕಲು ಹಿಡಿದು ಗುರುತಿಲ್ಲದ ಅಧಿಕಾರಿಗಳ ಬಾಗಿಲು ಕಾದರು. 2014ರಲ್ಲಿ ಕೇಂದ್ರ ಸರಕಾರ, ತಾನೇ ಸಹಿ ಹಾಕಿದರೆ ಸಾಕು, ಮೂಲಪ್ರತಿಯನ್ನು ಕೊನೆಯಲ್ಲಿ ನೋಡಿದರಾಯಿತು ಎಂಬ ಪದ್ಧತಿಯನ್ನು ಮುಂದಿಟ್ಟಿತು. ಆಕಾಶ ಕಳಚಿಬೀಳಲಿಲ್ಲ. ಅಂದರೆ ಅಷ್ಟು ವರ್ಷ ನಾವು ಮಾಡಿಸುತ್ತಿದ್ದುದರಲ್ಲಿ ಬಹುಪಾಲು ಬೇಡದ ರಿಪೇರಿಯೇ. ಅದರಿಂದ ನಮಗೆ ಕಮಿಶನ್ ಬರುತ್ತಿರಲಿಲ್ಲ ಎಂಬುದು ದೊಡ್ಡ ಸಮಾಧಾನವೇನಲ್ಲ. ಹಣವಿಲ್ಲದೆಯೂ, ಬರಿಯ ಹೆದರಿಕೆಯಿಂದ ಮತ್ತು ರೂಢಿಯಿಂದ, ಬಲ್ಲವನು ಅರಿಯದವನನ್ನು ಅಲೆಸಬಲ್ಲ.

ವ್ಯವಹಾರದ ಮಾತನ್ನೂ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಕಳಚದೆ, ಕಂಪನಿಯ ಕೈಪಿಡಿ ಬಿದ್ದಿರುತ್ತದೆ. ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಏನನ್ನು ಬದಲಿಸಬೇಕೆಂಬ ಕೋಷ್ಟಕ ಅದರಲ್ಲಿದೆ. ಪಟ್ಟಿಯ ಕೆಲಸ ಅದರಲ್ಲಿ ಇಲ್ಲದಿದ್ದರೆ ಏಕೆಂದು ಕೇಳಬಹುದು. ಬದಲಿಸಿದ ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಬಹುದು. 1872ರ ಕರಾರು ಕಾಯಿದೆಯ 170ನೆಯ ಕಲಮಿನ ಪ್ರಕಾರ ಕೂಲಿ ಕೊಡುವವರೆಗೆ ಗಾಡಿಯನ್ನು ತಡೆಹಿಡಿಯುವ ಹಕ್ಕು ದುರಸ್ತಿ ಮಾಡಿದವನಿಗೆ ಉಂಟು. ಆದರೆ ಯಾವ ಉದ್ದೇಶಕ್ಕೆ ಒಪ್ಪಿಸಿದ್ದೆವೋ ಅದಕ್ಕೆ ತಕ್ಕಂತೆ ಮಾಡಿದ ಕೆಲಸದ ಕೂಲಿಗೆ ಮಾತ್ರ. ಅಲ್ಲಿ ಕಾಯಿದೆ ಕೊಡುವ ಉದಾಹರಣೆಯೂ ಸಾಣೆ ಹಿಡಿಯಲು ವಜ್ರ ಪಡೆದ ರತ್ನಪಡಿಯದ್ದು! ತಕರಾರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ, 1915 ಎಂಬ ಸಹಾಯವಾಣಿ ಇದೆ. ಇವೆಲ್ಲ ಬೇಕು. ಆದರೆ ದಾವೆ ಹೂಡಿ ಗೆದ್ದವನಿಗೆ ಹಣ ವಾಪಸು ಬಂದೀತು, ಮುಂದಿನ ಸಲ ಆ ಹುಡುಗ ಗಟ್ಟಿ ದನಿಯಲ್ಲಿ ನಿಜ ಹೇಳುವಂತಾಗುವುದಿಲ್ಲ.

ಅದಕ್ಕೆ ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಆಗಬೇಕಾಗಿದೆ. ಬೇಸಿಗೆ ಬಂತೆಂದರೆ ಈ ಊರಿನಲ್ಲಿ ಉಚಿತ ತಪಾಸಣಾ ಶಿಬಿರಗಳು ನಡೆಯುತ್ತವೆ. 45 ಡಿಗ್ರಿಯ ಬಿಸಿಲಿಗೆ ಬ್ಯಾಟರಿ, ಟಯರು, ಎ.ಸಿ. ಎಲ್ಲವೂ ಬಳಲುವುದು ನಿಜವೇ. ನಾವು ಸಾಲುಗಟ್ಟಿ ನಿಲ್ಲುತ್ತೇವೆ. ಪುಕ್ಕಟೆಯಾಗಿ ನೋಡುವವನು ತನ್ನ ಸಂಬಳವನ್ನು ಎಲ್ಲಿಂದ ಗಿಟ್ಟಿಸಿಕೊಳ್ಳಬೇಕು? ನೋಡಿದ್ದಕ್ಕೆ ದುಡ್ಡಿಲ್ಲ, ಮಾಡಿದ್ದಕ್ಕೆ ಮಾತ್ರ ದುಡ್ಡು ಎಂದಾದ ಮೇಲೆ ಮಾಡಲು ಏನಾದರೂ ಸಿಗಲೇಬೇಕು. ಗಂಟೆಗಟ್ಟಲೆ ಪರೀಕ್ಷಿಸಿ, ಏನೂ ಆಗಿಲ್ಲ, ಹೋಗಿ ಎಂದವನಿಗೆ ಐನೂರು ರೂಪಾಯಿ ಕೊಡಲು ನಮಗೆ ಜೀವ ಬರುವುದಿಲ್ಲ. ಡಾಕ್ಟರು ಗುಳಿಗೆ ಬರೆಯದೆ ಕಳಿಸಿದರೂ ನಮಗೆ ಅಸಮಾಧಾನವೇ. ಅದೇ ಒಂದು ಡಬ್ಬಿ ರಾಸಾಯನಿಕ ಸುರಿದವನಿಗೆ ಎರಡು ಸಾವಿರ ಎಣಿಸುತ್ತೇವೆ.

ನಮ್ಮ ಸಂಘದಲ್ಲಿ ಅಜನಿಯ ಲೋಕೋ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ದೂರದ ಪ್ರಯಾಣಕ್ಕೆ ಮುಂಚೆ ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿ, “ಕಾಕಾ, ಒಂದು ಸಲ ನೋಡ್ರಿ” ಎನ್ನುವವರು ನಾವು ಏಳೆಂಟು ಮಂದಿ. ಅವರು ಕೈಯಲ್ಲಿ ಯಾವ ಸ್ಪ್ಯಾನರನ್ನೂ ಹಿಡಿಯುವುದಿಲ್ಲ, ರಿಪೇರಿ ಮಾಡುವುದಿಲ್ಲ, ಯಾವ ಗ್ಯಾರೇಜಿಗೂ ಕಳಿಸುವುದಿಲ್ಲ. ನೋಡಿ, ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಎಷ್ಟೋ ಸಲ ಚೀಟಿ ಖಾಲಿ ಇರುತ್ತದೆ. ಚಹಾ ಅವರೇ ಕುಡಿಸಿ ಕಳಿಸುತ್ತಾರೆ. ಈ ವ್ಯವಸ್ಥೆಯನ್ನು ಸಂಘದ ವತಿಯಿಂದಲೇ ನಡೆಸಿ, ಪ್ರತಿ ಗಾಡಿಗೂ ಒಂದು ಮೊತ್ತ ನಿಗದಿ ಮಾಡಬೇಕೆಂದು ಮುಂದಿನ ತಿಂಗಳ ಸಭೆಯಲ್ಲಿ ಸೂಚಿಸಬೇಕೆಂದಿದ್ದೇನೆ. ಹಣ ಬೇಡವೆಂದು ಅವರು ಖಂಡಿತ ಜಗಳ ತೆಗೆಯುತ್ತಾರೆ. ಆ ಜಗಳಕ್ಕೆ ನನ್ನ ಜೊತೆ ನಿಲ್ಲುವವರು ಮೊದಲೇ ತಿಳಿಸಬೇಕಾಗಿ ವಿನಂತಿ. ಚೀಟಿ ಖಾಲಿ ಇದ್ದ ದಿನವೂ ಪೂರ್ತಿ ಮೊತ್ತ ಕೊಡತಕ್ಕದ್ದು ಎಂಬ ಸಾಲನ್ನು ಠರಾವಿನಲ್ಲಿ ಈಗಾಗಲೇ ಬರೆದಿಟ್ಟಿದ್ದೇನೆ.